ಹೂವು ಮುಡಿದ ಡಿಸ್ಕು

ಜನಪದ ಹಾಡುಗಳ ಸಂಗ್ರಹಾಲಯವೊಂದರಲ್ಲಿ ಕಂಪ್ಯೂಟರ್ ಕೆಟ್ಟು, ಒಂಬತ್ತು ವರ್ಷಗಳ ಧ್ವನಿಮುದ್ರಣವೆಲ್ಲ ಅಳಿಸಿಹೋಯಿತು. ಬೀಸುಕಲ್ಲಿನ ಮುಂದೆ ಕೂತು ಆ ಹಾಡುಗಳನ್ನು ಹಾಡಿದ್ದ ಅಜ್ಜಿಯರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ತೀರಿಕೊಂಡಿದ್ದರು. ರಿಪೇರಿಯಾಗಿ ಬಂದ ಕಂಪ್ಯೂಟರಿಗೆ ಮೇಲ್ವಿಚಾರಕಿ ದಾಕ್ಷಾಯಣಿ ಬೀರುವಿನಲ್ಲಿದ್ದ ಬ್ಯಾಕಪ್ ಡಿಸ್ಕನ್ನು ಜೋಡಿಸಿದರು. ಶುಕ್ರವಾರ ಶುಕ್ರವಾರ ಅದಕ್ಕೆ ನಕಲು ಹಾಕಿ, ಮೇಲೊಂದು ಹೂವಿಟ್ಟು ಬೀರು ಮುಚ್ಚುತ್ತಿದ್ದವರು ಅವರೇ.

"ನಾನು ಕೊಟ್ಟದ್ದನ್ನೆಲ್ಲ ವಾಪಸು ಕೊಡು," ಎಂದಿತು ಕಂಪ್ಯೂಟರ್.

"ತೆಗೆದುಕೋ. ಎಲ್ಲ ಇಟ್ಟ ಹಾಗೇ ಇದೆ," ಎಂದಿತು ಡಿಸ್ಕು.

ಕಂಪ್ಯೂಟರ್ ತೆರೆದು ನೋಡಿತು. "ಇಲ್ಲಿ ಒಂದು ಹಾಡೂ ಇಲ್ಲ. ಹಾಡುಗಳು ನನ್ನೊಳಗೆ ಎಲ್ಲಿದ್ದವು ಎಂದು ತೋರಿಸುವ ಶಾರ್ಟ್‌ಕಟ್‌ಗಳು ಮಾತ್ರ ಇವೆ."

"ಮೇಡಂ ಪರದೆಯ ಮೇಲಿಂದ ಎಳೆದು ಹಾಕುತ್ತಿದ್ದದ್ದು ಅವನ್ನೇ."

"ಇಷ್ಟು ವರ್ಷ ನಿನ್ನ ಹೊಟ್ಟೆ ಖಾಲಿ ಇದ್ದದ್ದು ನಿನಗೆ ತಿಳಿಯಲಿಲ್ಲವೇ?"

"ತಿಳಿದಿತ್ತು. ಹೇಳಿದ್ದರೆ ಹೂವು ನಿಲ್ಲುತ್ತಿತ್ತು. ನೀನೇಕೆ ಹೇಳಲಿಲ್ಲ? ಪ್ರತಿ ಸಲವೂ 'ನಕಲು ಪೂರ್ಣಗೊಂಡಿದೆ' ಎಂದು ತೋರಿಸಿದ್ದು ನೀನೇ."

"ಅವರು ನನ್ನನ್ನು ಕೇಳಲಿಲ್ಲ," ಎಂದಿತು ಕಂಪ್ಯೂಟರ್.

ಒಂದು ಹಾಡೂ ತೆರೆಯದಿದ್ದಾಗ ಡಿಸ್ಕೇ ಕೆಟ್ಟಿದೆ ಎಂದುಕೊಂಡ ದಾಕ್ಷಾಯಣಿ ಅದನ್ನು ಕಸಕ್ಕೆ ಹಾಕಿದರು. ಉಳಿದಿದ್ದ ನೀಲಗಂಗವ್ವಜ್ಜಿಯನ್ನು ಕರೆಸಿ, ಅವರಿಗೆ ನೆನಪಿದ್ದ ನಾಲ್ಕು ಹಾಡು ಮುದ್ರಿಸಿಕೊಂಡರು. ಶುಕ್ರವಾರ ಹೊಸ ಡಿಸ್ಕು ತಂದು, ಪರದೆಯ ಮೇಲಿನ ಶಾರ್ಟ್‌ಕಟ್ಟನ್ನು ಎಂದಿನಂತೆ ಎಳೆದು ಹಾಕಿ, ಹೂವಿಟ್ಟರು.

ಹೊಸ ಡಿಸ್ಕಿಗೆ ತನ್ನೊಳಗೆ ಏನೂ ಬಂದಿಲ್ಲವೆಂದು ಕೂಡಲೇ ತಿಳಿಯಿತು. ಆದರೆ ಮಲ್ಲಿಗೆ ಘಮಘಮಿಸುತ್ತಿತ್ತು. ಅದೂ ಸುಮ್ಮನಾಯಿತು.