ಕತ್ತೆ ಸಾರಿದ ಡಂಗುರ

ಹುಲಿರಾಯ ಕಾಡಿನ ಒಂದೇ ಕೆರೆಗೆ ಬೇಲಿ ಹಾಕಿಸಿದ. ನೀರಿಲ್ಲದೆ ಹೊರಬಿದ್ದ ಕಪ್ಪೆಗಳು ಒಂದು ಪದ ಕಟ್ಟಿದವು. ಅದನ್ನು ಹಾಡಿದವರ ನಾಲಿಗೆ ಸೀಳಲಾಗುವುದೆಂದು ಡಂಗುರ ಸಾರಲು ರಾಯ ಕತ್ತೆಯನ್ನು ಕಳಿಸಿದ.

"ಯಾವ ಪದ, ಸ್ವಾಮಿ? ಗೊತ್ತಿಲ್ಲದೆ ಹಾಡಿಬಿಟ್ಟೇವು," ಎಂದಿತು ಮೊಲ.

ಮಾತು ನ್ಯಾಯವಾಗಿತ್ತು. ಕತ್ತೆ ಗಂಟಲು ಸರಿಮಾಡಿಕೊಂಡು ಎತ್ತಿತು: "ಮೋಡ ಸುರಿದ ನೀರಿಗೆ ಮೀಸೆಯವನ ಬೇಲಿ..."

ಒಬ್ಬರು ಪದ ಎತ್ತಿದರೆ ಉಳಿದವರು ಸೊಲ್ಲು ಕೊಡಲೇಬೇಕು, ಅದು ಆ ಕಾಡಿನ ಪದ್ಧತಿ. ಎಲ್ಲರೂ ದನಿಗೂಡಿಸಿದರು: "ಕೆರೆ ಯಾರಪ್ಪಂದೋ, ಕೆರೆ ಯಾರಪ್ಪಂದು?"

ಹುಟ್ಟಿದಾಗಿನಿಂದ ಕತ್ತೆ ಬಾಯಿ ತೆರೆದರೆ ಎಲ್ಲರೂ ಕಿವಿ ಮುಚ್ಚಿಕೊಂಡವರೇ. ಸೊಲ್ಲು ಸಿಕ್ಕಿದ್ದು ಇದೇ ಮೊದಲು. ಇನ್ನು ಅದರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪದದ ಏಳೂ ನುಡಿ ಹಾಡಿ, ಕುಣಿಯುತ್ತಲೇ ಅರಮನೆಗೆ ಮರಳಿತು. ಅದರ ಹಿಂದೆ ಇಡೀ ಕಾಡು ಕುಣಿಯುತ್ತ ಬಂತು.

"ಅಪ್ಪಣೆ ಎಲ್ಲರಿಗೂ ಮುಟ್ಟಿತೇ?" ಎಂದ ರಾಯ.

"ಬಾಯಿಪಾಠವೇ ಆಗಿದೆ, ಪ್ರಭು."

"ಏನು ಬಾಯಿಪಾಠ?"

ಕೇಳಿದ್ದಕ್ಕೆ ಕತ್ತೆ ವಿನಯದಿಂದ ಪದ ಎತ್ತಿತು. ಅರಮನೆಯ ಎದುರಿಗೇ ಕೆರೆಯ ಬೇಲಿ ಕಾಯುತ್ತಿದ್ದ ಕರಡಿಗಳು ದೊಣ್ಣೆ ಕೆಳಗಿಟ್ಟು, ಚಪ್ಪಾಳೆ ತಟ್ಟಿ ಸೊಲ್ಲು ಕೊಟ್ಟವು. ಗರ್ಜಿಸಲೆಂದು ರಾಯ ಬಾಯಿ ತೆರೆದ. ಅಷ್ಟರಲ್ಲಾಗಲೇ ಅವನ ಬಾಲ ನೆಲಕ್ಕೆ ಬಡಿದು ತಾಳ ಹಾಕುತ್ತಿತ್ತು.