ಸೋರುವ ನಲ್ಲಿ ಒಂದು, ಕಿರುಗುಟ್ಟುವ ಬಾಗಿಲು ಒಂದು

"ಬುದ್ಧಿ, ಹೋಗುವಾಗ ಎಲ್ಲವನ್ನೂ ಇಲ್ಲೇ ಬಿಟ್ಟು ಹೋಗುವುದು ನಿಜವಾದರೆ, ಇರುವಷ್ಟು ದಿನ ಯಾವುದನ್ನಾದರೂ ರಿಪೇರಿ ಮಾಡುವುದು ಏಕೆ?"

ಹೀಗೆ ಕೇಳಿದವನು ಪಂಚಾಕ್ಷರಿ. ಮಠದ ದಾಸೋಹದ ಉಸ್ತುವಾರಿ ಅವನದು. ಪಂಕ್ತಿಯಲ್ಲಿ ಎರಡನೆಯ ಸಲ ಸಾರು ಕೇಳಿದವರ ಮೇಲೆ ಅವನು ರೇಗುತ್ತಿದ್ದ. ಮೂರನೆಯ ಸಲ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅಂದು ಒಬ್ಬ ಮುದುಕಿ ಅರ್ಧ ಊಟಕ್ಕೇ ಎದ್ದು ಹೋಗಿದ್ದಳು. ಗುರುಗಳು ಕರೆಸಿ ವಿಚಾರಿಸಿದರು. ಕೋಪ ತಾನು ಸಂಪಾದಿಸಿದ್ದಲ್ಲ, ಹುಟ್ಟುವಾಗಲೇ ಬಂದದ್ದು, ಹೋಗುವಾಗ ಕೊಟ್ಟವನಿಗೇ ಹಾಗೆಯೇ ಒಪ್ಪಿಸಿ ಹೋಗುತ್ತೇನೆ ಎಂದು ಅವನು ವಾದ ಹೂಡಿದ. ವಾದಕ್ಕೆ ಆಸರೆಯಾಗಿ ಈ ಪ್ರಶ್ನೆಯನ್ನೂ ನಿಲ್ಲಿಸಿದ.

ಗುರುಗಳು ಬೈಯಲಿಲ್ಲ. ಕೂತುಕೋ ಎಂದು ಹೇಳಿ ಕತೆ ಶುರು ಮಾಡಿದರು.

ಒಬ್ಬ ಸೈನಿಕನಿದ್ದ. ಅವನ ಅಪ್ಪನೂ ಸೈನಿಕ. ಅವನು ಹುಟ್ಟಿದ್ದು ಸರ್ಕಾರದ ಕ್ವಾರ್ಟರ್ಸಿನಲ್ಲಿ, ಬೆಳೆದದ್ದು ಕ್ವಾರ್ಟರ್ಸಿನಲ್ಲಿ, ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಹೋದದ್ದೂ ಕ್ವಾರ್ಟರ್ಸಿಗೇ. ಹದಿನೇಳು ವರ್ಷದ ನೌಕರಿಯಲ್ಲಿ ಹನ್ನೊಂದು ಮನೆ ಬದಲಾಯಿಸಿದ. ಹೆಂಡತಿಗೆ ಗಿಡ ಬೆಳೆಸುವುದೆಂದರೆ ಪ್ರಾಣ. ಆದರೆ ಆ ಹನ್ನೊಂದು ಮನೆಗಳಲ್ಲಿ ಅವಳು ಬೆಳೆದದ್ದು ಮೆಂತ್ಯ, ಕೊತ್ತಂಬರಿ ಮಾತ್ರ. ಹಲಸಿನ ಸಸಿ ನೆಟ್ಟು ಹಣ್ಣು ತಿನ್ನುವಷ್ಟು ಕಾಲ ಯಾವ ಊರೂ ಅವರನ್ನು ಇಟ್ಟುಕೊಳ್ಳಲಿಲ್ಲ. ಮಗಳು ಹೊಸ ಊರಿನಲ್ಲಿ ಇಳಿದ ಕೂಡಲೇ ಕೇಳುತ್ತಿದ್ದದ್ದು ಒಂದೇ ಮಾತು: ಇಲ್ಲಿ ಎಷ್ಟು ವರ್ಷ?

ಸೈನ್ಯದಲ್ಲಿ ಒಂದು ಪದ್ಧತಿಯಿದೆ. ಕ್ವಾರ್ಟರ್ಸು ಕೊಡುವ ದಿನ ಒಬ್ಬ ನೌಕರ ಪಟ್ಟಿ ಹಿಡಿದು ಬರುತ್ತಾನೆ. ಬಲ್ಬು ಇಷ್ಟು, ನಲ್ಲಿ ಇಷ್ಟು, ಒಡೆದ ಗಾಜು ಇಷ್ಟು ಎಂದು ಎಣಿಸಿ ಸಹಿ ಹಾಕಿಸಿಕೊಳ್ಳುತ್ತಾನೆ. ಬಿಡುವ ದಿನ ಮತ್ತೆ ಬಂದು ಎಣಿಸುತ್ತಾನೆ. ಪಟ್ಟಿಯಲ್ಲಿದ್ದದ್ದು ಮನೆಯಲ್ಲಿ ಇಲ್ಲದಿದ್ದರೆ ಸಂಬಳದಲ್ಲಿ ಕಡಿತ. ಹೊಸದರಲ್ಲಿ ಒಮ್ಮೆ ಸೈನಿಕ ಎಣಿಸದೆ ಸಹಿ ಹಾಕಿಬಿಟ್ಟಿದ್ದ. ಆಮೇಲೆ ತಾನು ಕಣ್ಣಿನಿಂದಲೂ ಕಾಣದ ಆರು ಪರದೆ ಕೋಲುಗಳಿಗೆ ದಂಡ ತೆತ್ತ. ಅಂದಿನಿಂದ ಅವನಿಗೆ ದೇವರಲ್ಲಿ ಎಷ್ಟು ಭಕ್ತಿಯೋ ಪಟ್ಟಿಯಲ್ಲಿ ಅದಕ್ಕಿಂತ ಒಂದು ಹಿಡಿ ಹೆಚ್ಚು.

ಒಂದು ಸಲ ಎರಡು ತಿಂಗಳ ರಜೆಯ ಮೇಲೆ ಊರಿಗೆ ಬಂದಾಗ, ಸ್ವಂತ ಮನೆ ಆಗಲೇಬೇಕು ಎಂದು ಹೆಂಡತಿ ಹಟ ಹಿಡಿದಳು. ಅವಳ ಹಟದಲ್ಲಿ ನ್ಯಾಯವಿತ್ತು, ಅವನು ಒಪ್ಪಿದ. ಪಕ್ಕದ ಪೇಟೆಯಲ್ಲಿ ಒಂದು ಮನೆ ಹರಾಜಿಗೆ ಬಂದಿತ್ತು. ಅದು ಒಬ್ಬ ಎಣ್ಣೆ ವ್ಯಾಪಾರಿಯದು. ದೊಡ್ಡ ಬೀದಿಯಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸುತ್ತೇನೆಂದು ಅವನು ಇದ್ದ ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದ. ಹೊಸ ಮನೆಯ ಪಾಯ ಎದ್ದಿತು, ದುಡ್ಡು ಮುಗಿಯಿತು, ಹಳೆಯ ಮನೆಯೂ ಹೋಯಿತು. ಕಣ್ಣೀರು ಬಿದ್ದ ಮನೆ ಏಳಿಗೆ ಕೊಡುವುದಿಲ್ಲವೆಂದು ಊರಿನವರು ಯಾರೂ ಹರಾಜು ಕೂಗಲಿಲ್ಲ. ಮನೆಯನ್ನು ಇದ್ದ ಹಾಗೆಯೇ ಕೊಡುತ್ತೇವೆ, ಆಮೇಲೆ ಕೊರತೆ ಹೇಳಿಕೊಂಡು ಬರಬಾರದು ಎಂದು ಬ್ಯಾಂಕಿನವರು ಬೇರೆ ಹೇಳಿದ್ದರು. ಸೈನಿಕನಿಗೆ ಅದು ಭಯವನ್ನೇ ತರಲಿಲ್ಲ. ಹನ್ನೊಂದು ಮನೆಗಳೂ ಅವನಿಗೆ ಸಿಕ್ಕಿದ್ದು ಹಾಗೆಯೇ ತಾನೆ. ಅವನೊಬ್ಬನೇ ಕೂಗಿ ಕೊಂಡ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹರಾಜಿನಲ್ಲಿ ಕೊಂಡು ನೋಡು ಎನ್ನುವುದನ್ನು ಸೇರಿಸಲು ಮರೆತರು.

ಮನೆ ಒಪ್ಪಿಸುವ ದಿನ ವ್ಯಾಪಾರಿ ಕೊನೆಯ ಚಾಪೆ ಸುತ್ತಿಕೊಂಡು ಜಗಲಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಬ್ಯಾಂಕಿನವನು ಬೀಗದ ಕೈ ಚಾಚಿದ. ಸೈನಿಕ ಕೈ ಹಿಂದಕ್ಕೆ ಕಟ್ಟಿಕೊಂಡು ಪಟ್ಟಿ ಎಲ್ಲಿ ಎಂದು ಕೇಳಿದ. ಪಟ್ಟಿ ಯಾರ ಬಳಿಯೂ ಇರಲಿಲ್ಲ. ಹಾಗಾದರೆ ಈಗಲೇ ಮಾಡೋಣ ಎಂದ. ಬ್ಯಾಂಕಿನವನು ಗಡಿಯಾರ ನೋಡಿಕೊಂಡು, ಬೀಗದ ಕೈಯನ್ನು ಕಿಟಕಿಯ ಮೇಲಿಟ್ಟು ಜಾಗ ಖಾಲಿ ಮಾಡಿದ. ಉಳಿದವನು ವ್ಯಾಪಾರಿ.

ಕಿಟಕಿ ಎಷ್ಟು ಎಂದು ಸೈನಿಕ ಕೇಳಿದ. ಆರು ಎಂದ ವ್ಯಾಪಾರಿ. ಎಣಿಸಿದರೆ ಏಳು. ಏಳನೆಯದು ಎಣ್ಣೆ ಡಬ್ಬಗಳು ಇದ್ದ ಜಾಗದ ಹಿಂದೆ ಅಡಗಿತ್ತು. ನನ್ನ ಮನೆಗೆ ಪೂರ್ವಕ್ಕೂ ಕಿಟಕಿ ಇತ್ತೆ ಎಂದು ವ್ಯಾಪಾರಿ ಬಾಯಿ ಬಿಟ್ಟು ನೋಡಿದ. ಇಪ್ಪತ್ತು ವರ್ಷ ಬಾಳಿದ ಮನೆಯನ್ನು ಅವನು ಸರಿಯಾಗಿ ನೋಡಿದ್ದು ಅಂದೇ. ಸಂಜೆಯೊಳಗೆ ಪಟ್ಟಿ ಮುಗಿಯಿತು. ಒಡೆದ ಗಾಜು ಎರಡು, ಒಡೆದ ಹೆಂಚು ಮೂರು, ಸೋರುವ ನಲ್ಲಿ ಒಂದು, ಕಿರುಗುಟ್ಟುವ ಬಾಗಿಲು ಒಂದು, ಹೀಗೆ ಒಟ್ಟು ನಲವತ್ತೊಂದು. ಇಬ್ಬರೂ ಸಹಿ ಹಾಕಿದರು. ಸೈನಿಕ ಅದನ್ನು ಬಾಗಿಲ ಹಿಂದೆ ಅಂಟಿಸಿ, ಜೀವನದಲ್ಲಿ ಮೊದಲ ಬಾರಿಗೆ ಸ್ವಂತ ಮನೆಯಲ್ಲಿ ಮಲಗಿದ.

ಮರುದಿನ ಹೆಂಡತಿ ಗೋಡೆ ಗಡಿಯಾರಕ್ಕೆ ಒಂದು ಮೊಳೆ ಹೊಡೆಯಿರಿ ಎಂದಳು. ಅವನು ಪಟ್ಟಿ ನೋಡಿ ಬಂದ. ಆ ಗೋಡೆಯಲ್ಲಿ ಮೊಳೆ ಇಲ್ಲ ಎಂದು ಬರೆದಿತ್ತು. ಗಡಿಯಾರ ಕುರ್ಚಿಯ ಮೇಲೆ ಕೂತಿತು. ನಲ್ಲಿ ಸೋರುತ್ತಿದೆ ಎಂದಳು. ಅವನು ಒಂದು ನೋಟುಬುಕ್ಕಿಗೆ ದಾರ ಕಟ್ಟಿ ಬಾಗಿಲಿಗೆ ತೂಗುಹಾಕಿ, ದೂರನ್ನು ಇದರಲ್ಲಿ ಬರೆ ಎಂದ. ಅವಳು ಬೆಳಿಗ್ಗೆ ಬರೆದಳು. ಸಂಜೆ ಅವನೇ ಬಂದು ಅದನ್ನು ಓದಿ, ಕೆಳಗೆ 'ಗಮನಿಸಲಾಗಿದೆ' ಎಂದು ಬರೆದು ಸಹಿ ಮಾಡಿದ. ನಲ್ಲಿ ತನ್ನ ಪಾಡಿಗೆ ಸೋರುತ್ತಿತ್ತು. ಮಗಳು ಇಲ್ಲಿ ಎಷ್ಟು ವರ್ಷ ಎಂದು ಕೇಳಿದಳು. ಮುಂದಿನ ಆದೇಶದವರೆಗೆ ಎಂದ.

ಒಂದು ದಿನ ಕೋತಿ ಹಾರಿ ನಾಲ್ಕನೆಯ ಹೆಂಚು ಒಡೆಯಿತು. ಸೈನಿಕನಿಗೆ ಗಾಬರಿಯಾಯಿತು. ಪಟ್ಟಿಯಲ್ಲಿ ಇದ್ದದ್ದು ಮೂರು. ಓಡಿಹೋಗಿ ಒಂದು ಹೆಂಚು ತಂದು, ಏಣಿ ಹತ್ತಿ, ಕೋತಿ ಒಡೆದದ್ದನ್ನು ಮಾತ್ರ ಬದಲಾಯಿಸಿ, ಪಕ್ಕದಲ್ಲೇ ಇದ್ದ ಹಳೆಯ ಮೂರನ್ನು ಮುಟ್ಟದೆ ಇಳಿದ. ಕೆಳಗೆ ಏಣಿ ಹಿಡಿದು ನಿಂತಿದ್ದ ಹೆಂಡತಿ ಅದನ್ನು ಕಣ್ಣಾರೆ ಕಂಡಳು. ಆ ರಾತ್ರಿಯ ಮಳೆಗೆ ಅಡುಗೆಮನೆಯಲ್ಲಿ ಮೂರು ಕಡೆ ಪಾತ್ರೆ ಇಟ್ಟಳು. ಬೆಳಿಗ್ಗೆ ಅವನ ಮುಂದೆ ಬಂದು ನಿಂತಳು.

"ನೋಡಿ, ಮದುವೆಯಾದಾಗಿಂದ ಈ ಕಬ್ಬಿಣದ ಟ್ರಂಕು ಪೂರ್ತಿ ಖಾಲಿ ಮಾಡಿದವಳಲ್ಲ ನಾನು. ಖಾಲಿ ಮಾಡೋದ್ರೊಳಗೆ ವರ್ಗ ಬರ್ತಿತ್ತು. ಇಲ್ಲಾದ್ರೂ ಖಾಲಿ ಮಾಡೋಣ ಅಂತ ಬಂದೆ. ಇದೂ ಕ್ವಾರ್ಟರ್ಸೇ ಆದ್ರೆ, ನಿಮ್ಮ ರಜೆ ಮುಗಿಯೋ ದಿನ ಮಗಳನ್ನ ಕರಕೊಂಡು, ಟ್ರಂಕು ಎತ್ಕೊಂಡು ತವರಿಗೆ ಹೋಗ್ತೀನಿ. ಈ ಮನೇನ ನೀವು ಯಾರಿಗೆ ಬೇಕಾದ್ರೂ ಒಪ್ಪಿಸ್ಕೊಳ್ಳಿ."

ಸೈನಿಕ ಹೆದರಿದ. ಹೆಂಡತಿ ಸುಮ್ಮನೆ ಮಾತಾಡುವವಳಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಸುತ್ತಿಗೆ ಕೈಗೆ ತೆಗೆದುಕೊಂಡರೆ ಕೈ ಏಳುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಅವನದು ಅಂಥ ಪಾಡು. ಗೋಡೆಯ ಮುಂದೆ ನಿಂತು, ಯಾರೋ ಬಂದು ಕೇಳುತ್ತಾರೆ ಎಂಬ ಹಾಗೆ ಬಾಗಿಲ ಕಡೆ ನೋಡಿ ಸುತ್ತಿಗೆ ಕೆಳಗಿಡುತ್ತಿದ್ದ.

ರಜೆ ಮುಗಿಯಲು ಎರಡು ದಿನವಿತ್ತು. ಹೊರಡುವ ಮೊದಲು ಪಟ್ಟಿಯನ್ನು ಮತ್ತೊಮ್ಮೆ ತಾಳೆ ನೋಡುವುದು ಅವನ ರೂಢಿ. ಅದಕ್ಕೆ ಒಪ್ಪಿಸಿದವನೂ ಇರಬೇಕು. ಮನೆಗೆ ಬಂದು ಹೋಗತಕ್ಕದ್ದು ಎಂದು ವ್ಯಾಪಾರಿಗೆ ಚೀಟಿ ಕಳಿಸಿದ. ವ್ಯಾಪಾರಿಗೆ ಆ ವರ್ಷ ಬಂದ ಕಾಗದಗಳೆಲ್ಲ ಕೆಟ್ಟವೇ. ಇನ್ನೇನು ಕಾದಿದೆಯೋ ಎಂದುಕೊಂಡೇ ಬಂದ. ಸೈನಿಕ ಅವನಿಗೆ ಕಾಫಿ ಕೊಡಿಸಿ, ಪಟ್ಟಿ ಹಿಡಿದು ಮುಂದೆ ನಡೆದ. ಒಡೆದ ಗಾಜು ಎರಡು, ಹಾಗೆಯೇ ಇವೆ. ಹೆಂಚು ಮೂರು, ಹಾಗೆಯೇ ಇವೆ. ನಲ್ಲಿಯ ಮುಂದೆ ಇಬ್ಬರೂ ನಿಂತು ನೋಡಿದರು. ಸೋರುತ್ತಿತ್ತು. ಸೈನಿಕ ಹೆಮ್ಮೆಯಿಂದ ಗುರುತು ಹಾಕಿದ.

ಹಿತ್ತಲ ಬಾಗಿಲಿಗೆ ಬಂದರು. ಸೈನಿಕ ತಳ್ಳಿದ. ಬಾಗಿಲು ಸದ್ದಿಲ್ಲದೆ ತೆರೆಯಿತು. ಮುಚ್ಚಿ ಮತ್ತೆ ತಳ್ಳಿದ. ಸದ್ದಿಲ್ಲ. ಪಟ್ಟಿಯಲ್ಲಿದ್ದದ್ದು ಕಳೆದರೆ ಬೆಲೆ ಕಟ್ಟಿಕೊಡಬೇಕು. ಒಂದು ಕಿರುಗುಟ್ಟಿಗೆ ಎಷ್ಟು ಬೆಲೆ ಎಂದು ಸೈನ್ಯದಲ್ಲಿ ಯಾರೂ ಅವನಿಗೆ ಕಲಿಸಿರಲಿಲ್ಲ. ಇದನ್ನು ಯಾರು ಮುಟ್ಟಿದ್ದು ಎಂದು ಕೂಗಿದ. ಹೆಂಡತಿ ಒಳಗಿನಿಂದ ಬಂದು, ನಾನೇ ಎಣ್ಣೆ ಬಿಟ್ಟೆ, ಬರಕೊಳ್ಳಿ ನಿಮ್ಮ ಪಟ್ಟೀಲಿ ಎಂದಳು.

ವ್ಯಾಪಾರಿ ಬಾಗಿಲನ್ನು ಒಮ್ಮೆ ಆಚೆ, ಒಮ್ಮೆ ಈಚೆ ಆಡಿಸಿ ನೋಡಿದ.

"ಎಷ್ಟು ಎಣ್ಣೆ ಹಿಡೀತು ತಾಯಿ?"

"ಎರಡು ಹನಿ, ಅಣ್ಣಾ."

ವ್ಯಾಪಾರಿ ಬಾಗಿಲಿಗೆ ಒರಗಿ ನಕ್ಕ. ನಗುತ್ತಲೇ ಅವನ ಕಣ್ಣು ತುಂಬಿತು. ಆ ಬಾಗಿಲು ಇಪ್ಪತ್ತು ವರ್ಷ ಕಿರುಗುಟ್ಟಿತ್ತು. ಊರಿಗೆಲ್ಲ ಎಣ್ಣೆ ಅಳೆದು ಕೊಟ್ಟವನು ಅವನು. ದೀಪದ ಬುಡ ಕತ್ತಲೆ ಅನ್ನುವುದು ಇದಕ್ಕೇ. ಹೊಸ ಮನೆ ಆದಮೇಲೆ ಈ ಹಳೆಯ ಬಾಗಿಲು ಯಾರಿಗೆ ಬೇಕು ಎಂದು ಬಿಟ್ಟಿದ್ದೆ, ಗಾಜನ್ನೂ ಹಾಗೇ ಬಿಟ್ಟೆ, ಹೆಂಚನ್ನೂ ಹಾಗೇ ಬಿಟ್ಟೆ ಎಂದು ಹೇಳಿಕೊಂಡ. ಹೇಳಿಕೊಳ್ಳುವಾಗ ಅವನಿಗೆ ನಾಚಿಕೆಯಾಯಿತು. ಸೈನಿಕ ಚಾಚಿದ ಪೆನ್ನನ್ನು ಅವನು ಮುಟ್ಟಲಿಲ್ಲ.

"ಇದಕ್ಕೆ ನಾನು ಸಹಿ ಹಾಕಲ್ಲ ಸ್ವಾಮಿ. ಇವು ನನ್ನ ಮನೇ ಸಾಮಾನಲ್ಲ, ನನ್ನ ಸೋಮಾರಿತನ. ಬಿಸಾಕಬೇಕಾದ್ದನ್ನ ನೀವು ಎಣಿಸಿ ಎಣಿಸಿ ಕಾಯ್ತಾ ಕೂತಿದ್ದೀರಿ. ನಾನಂತೂ ವಾಪಸ್ ತಗೊಳ್ಳಲ್ಲ. ಬ್ಯಾಂಕಿನವರೂ ತಗೊಳ್ಳಲ್ಲ."

ಸೈನಿಕ ಪಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ನಡುಮನೆಯಲ್ಲಿ ಟ್ರಂಕಿಗೆ ಬೀಗ ಹಾಕಿ ಆಗಿತ್ತು. ಮೇಲಿನವರ ಅಪ್ಪಣೆ ಇಲ್ಲದೆ ಅವನು ಜನ್ಮದಲ್ಲಿ ಏನನ್ನೂ ಮಾಡಿದವನಲ್ಲ. ಈ ಮನೆಗೆ ಮೇಲಿನವರು ಯಾರು ಎಂದು ಯೋಚಿಸಿ ಯೋಚಿಸಿ, ಕೊನೆಗೆ ತಾನೇ ಎಂದು ಹೊಳೆದಾಗ ಅವನಿಗೆ ಬೆವರು ಬಂತು. ಪಟ್ಟಿಯ ಕೆಳಗೆ 'ಪಟ್ಟಿ ರದ್ದು' ಎಂದು ಬರೆದ. ಅಪ್ಪಣೆ ಕೊಟ್ಟವನೆಂದು ಒಂದು ಸಹಿ ಹಾಕಿದ, ಪಾಲಿಸುವವನೆಂದು ಇನ್ನೊಂದು ಹಾಕಿದ.

ಆಮೇಲೆ ಸುತ್ತಿಗೆ ತಂದು ಜೀವನದ ಮೊದಲ ಮೊಳೆ ಹೊಡೆದ. ಮೊದಲ ಏಟು ಹೆಬ್ಬೆರಳಿಗೆ, ಎರಡನೆಯದು ಗೋಡೆಗೆ. ಜೋಳದ ರೊಟ್ಟಿಯಷ್ಟು ಅಗಲದ ಗಾರೆ ಉದುರಿತು. ಅವನು ಅದನ್ನು ಬರೆದಿಡಲು ಪೆನ್ನಿಗಾಗಿ ಜೇಬು ತಡಕಿದ. ಪೆನ್ನು ಹೆಂಡತಿಯ ಕೈಯಲ್ಲಿತ್ತು, ಅವಳು ಕೊಡಲಿಲ್ಲ. ಮರುದಿನ ವ್ಯಾಪಾರಿ ತಾನೇ ಬಂದು ಏಣಿ ಹಿಡಿದ, ಮೂರು ಹೆಂಚುಗಳು ಬದಲಾದವು. ಅವನಿಗೆ ಮನೆ ಮರಳಿ ಸಿಗಲಿಲ್ಲ, ಆದರೆ ಮನಸ್ಸಿನ ಭಾರ ಇಳಿಯಿತು. ರಜೆ ಮುಗಿದು ಸೈನಿಕ ಒಬ್ಬನೇ ರೈಲು ಹತ್ತಿದ. ಅವನ ಹೆಂಡತಿ ಅಂದು ಬಟ್ಟೆಗಳನ್ನೆಲ್ಲ ಬೀರುವಿಗೆ ಸೇರಿಸಿ, ಖಾಲಿ ಟ್ರಂಕನ್ನು ಅಟ್ಟದ ಮೇಲೆ ಹಾಕಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಪಂಚಾಕ್ಷರಿ ನಗುತ್ತಿದ್ದ. ನಕ್ಕು ಮುಗಿದ ಮೇಲೆ ತನ್ನ ವಾದ ಅವನಿಗೆ ನೆನಪಾಯಿತು.

"ಕತೆ ಚೆನ್ನಾಗಿದೆ ಬುದ್ಧಿ. ಆದರೆ ಆ ಸೈನಿಕ ಮನೆಯನ್ನು ಕೊಂಡುಕೊಂಡಿದ್ದ, ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ, ಅದಕ್ಕೇ ರಿಪೇರಿ ಮಾಡಿದ. ನಾನು ಏನನ್ನು ಕೊಂಡಿದ್ದೇನೆ? ಈ ದೇಹ, ಈ ಸ್ವಭಾವ ಎಲ್ಲವೂ ಕೊಟ್ಟವನದು. ಒಂದು ದಿನ ಒಪ್ಪಿಸಲೇಬೇಕು. ನನ್ನದು ನಿಜವಾಗಿಯೂ ಕ್ವಾರ್ಟರ್ಸೇ."

ಗುರುಗಳು ಹೌದೆಂದು ತಲೆಯಾಡಿಸಿ, ಏಳುತ್ತಾ ಕೇಳಿದರು:

"ಒಪ್ಪಿಸಬೇಕು, ಸರಿ, ಒಡೆದದ್ದನ್ನು ಒಡೆದ ಹಾಗೆಯೇ ಒಪ್ಪಿಸಬೇಕೆಂದು ನಿನಗೆ ಯಾರಪ್ಪ ಹೇಳಿದರು?"