ಪೇತ್ರನ ಕೋಳಿಯ ವಂಶಸ್ಥ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಪಾದ್ರಿಗಳ ಹಿತ್ತಿಲಿನ ಹುಂಜ ಗಡಿಯಾರಪ್ಪನಿಗೆ ಆ ಭಾನುವಾರ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕಾವಲುನಾಯಿ ಸುಲ್ತಾನ ಕಾವಿಗಿಟ್ಟ ಎರಡು ಮೊಟ್ಟೆ ನುಂಗಿದ್ದನ್ನು ಅವನೊಬ್ಬನೇ ಕಂಡಿದ್ದ. ಕಳ್ಳ ಸಿಕ್ಕರೆ ಗೋಣಿಯಲ್ಲಿ ಕಟ್ಟಿ ಹೊಳೆಯಾಚೆ ಬಿಟ್ಟು ಬರುತ್ತೇನೆಂದು ಅಡುಗೆಯವಳು ಆಗಲೇ ಗುಡುಗಿದ್ದಳು. ಜನ ಆರಾಧನೆಗೆ ಬರತೊಡಗಿದ್ದೇ ತಡ, ಹುಂಜ ಗೋಡೆ ಹತ್ತಿ ಕತ್ತು ಚಾಚಿದ.

"ಎಲ್ಲಿಗೆ ಹೊರಟಿರಿ ಮಾರಾಯ್ರೆ?" ಎಂದಳು ಕಾವು ಕೂತಿದ್ದ ಹೇಂಟೆ.

"ಗದರಿಸೋದಕ್ಕೆ! ತನ್ನ ಗುರುವನ್ನೇ ಗೊತ್ತಿಲ್ಲ ಅಂದ ಪೇತ್ರನನ್ನು ಕೂಗಿ ಎಚ್ಚರಿಸಿದ ಕೋಳಿಯ ವಂಶ ನಮ್ಮದು. ಸುಲ್ತಾನ ಕಳ್ಳ ಅಂತ ಊರಿಗೆಲ್ಲ ಕೇಳಲಿ!"

"ಆ ಕೋಳಿ ಪೇತ್ರನ ಹೆಸರು ಹಿಡಿದು ಕೂಗಿತ್ತೇ?"

ಹುಂಜ ಒಂದು ಕಾಲು ಎತ್ತಿದ, ಇಳಿಸಿದ, ಇನ್ನೊಂದು ಎತ್ತಿದ.

"ಕೂಗು ಎಲ್ಲರಿಗೂ ಕೇಳಿತು, ತಪ್ಪು ತಿಳಿದು ಅತ್ತವನು ಪೇತ್ರನೊಬ್ಬನೇ" ಎಂದಳು ಹೇಂಟೆ. " ಹೋದ ಮೊಟ್ಟೆ ನನ್ನವು. ಸುಲ್ತಾನನ ಮಾನ ತೆಗೆದು ನಾನೇನು ಮಾಡಲಿ? ಉಳಿದ ಆರಕ್ಕೆ ಕಾವಲು ಬೇಕು. ಹೋಗಿ ಅವನ ಕಿವಿಯಲ್ಲಿ ಹೇಳಿ."

"ಕಿವಿಯ ಪಕ್ಕದಲ್ಲಿ ಹಲ್ಲುಗಳೂ ಇವೆಯಲ್ಲೇ!"

"ಓಹೋ, ಅದಕ್ಕೇ ಗೋಡೆ ಹತ್ತಿದಿರಾ?"

ಹುಂಜ ಇಳಿದು, ನೆಟ್ಟಗೆ ನಡೆದು, ನಾಯಿಯ ಕಿವಿಗೆ ಕೊಕ್ಕು ತಾಗಿಸಿ ಕಂಡದ್ದನ್ನು ಕಂಡ ಹಾಗೆ ಹೇಳಿದ. ಸುಲ್ತಾನ ಹಲ್ಲು ಕಿರಿದು ಗುರ್ರೆಂದ. ಹುಂಜ ಕದಲಲಿಲ್ಲ. "ನೀನು ಹೊಳೆಯಾಚೆ ಹೋಗೋದು ನನಗೆ ಬೇಡ ಮಾರಾಯ, ಅದಕ್ಕೆ ಬಂದೆ" ಎಂದ.

ಸುಲ್ತಾನನ ಬಾಲ ಕೆಳಗಿಳಿಯಿತು. ಎದ್ದು ಹೋಗಿ ಹೇಂಟೆಯ ಬುಟ್ಟಿಗೆ ಬೆನ್ನು ಕೊಟ್ಟು ಮಲಗಿದ. ಆರೂ ಮರಿ ಹೊರಬರುವವರೆಗೆ ಅಲ್ಲಿಗೆ ಯಾರನ್ನೂ ಬಿಡಲಿಲ್ಲ.

ಎಲ್ಲವೂ ನಿಜ. ಹುಂಜ ಕದಲಲಿಲ್ಲ ಅಂದದ್ದು ಮಾತ್ರ ನಾನು ಸೇರಿಸಿದ್ದು. ಪಾಪ, ಗಡಗಡ ನಡುಗುತ್ತಲೇ ಹೇಳಿದ.